ನಾಲ್ಕು ಒಂದೇ ಥರ, ಒಂದು ಬೇರೆ: ಆಕೃತಿ ಪಜಲ್ ಬಗ್ಗೆ ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಪುಟದ ಮೂಲೇಲಿ ಒಂದು ಚಿಕ್ಕ ಪಜಲ್ ಹಾಕಿದ್ದೆ, ಐದು ಆಕೃತಿ ಇದೆ, ಗುಂಪಿಗೆ ಸೇರದ್ದು ಯಾವ್ದು ಹೇಳಿ ಅಂತ. ನಿಜ ಹೇಳ್ಬೇಕಂದ್ರೆ ಜಾಗ ಉಳಿದಿತ್ತು ಅಂತ ಹಾಕಿದ್ದು, ಅಷ್ಟೇ. ಅದಕ್ಕೆ ಬಂದಷ್ಟು ಜಗಳ ಈ ಅಂಕಣಕ್ಕೆ ಯಾವತ್ತೂ ಬಂದಿರ್ಲಿಲ್ಲ. ಐದು ಆಕೃತಿಗೆ ಐದೂ ಉತ್ತರ ಬಂದಿದೆ, ಎಲ್ರೂ ನಂದೇ ಸರಿ ಅಂತ ಗೆರೆ ಎಳೆದು ಬರೆದಿದ್ದಾರೆ, ಜೊತೆಗೆ ಇಂಥ ಪಜಲ್‌ಗಳ ಬಗ್ಗೆನೇ ಬೇರೆ ಬೇರೆ ಪ್ರಶ್ನೆ ಕೇಳಿದ್ದಾರೆ. ಹಂಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ. ಇಲ್ಲಿ ಚಿತ್ರ ಹಾಕಕ್ಕಾಗಲ್ಲ, ಎಲ್ಲಾ ಮಾತಲ್ಲೇ ಹೇಳ್ತೀನಿ, ಪಕ್ಕದಲ್ಲಿ ಒಂದು ಪೆನ್ನು, ಒಂದು ರಫ್ ಹಾಳೆ ಇಟ್ಕೊಂಡು ಓದಿ, ಇಲ್ಲಾಂದ್ರೆ ಅರ್ಧ ಮಜಾ ಹೋಗುತ್ತೆ.

ಪ್ರಶ್ನೆ: ಸರ್, ನಿಮ್ಮ ಪಜಲ್‌ನಲ್ಲಿ ತ್ರಿಭುಜದೊಳಗೆ 2 ಚುಕ್ಕಿ, ಚೌಕದೊಳಗೆ 3, ಪಂಚಭುಜದೊಳಗೆ 5, ಷಡ್ಭುಜದೊಳಗೆ 5, ಸಪ್ತಭುಜದೊಳಗೆ 6 ಚುಕ್ಕಿ ಇತ್ತು. ನಾನು ತ್ರಿಭುಜ ಅಂದೆ, ಮೂರೇ ಬಾಹು ಇರೋದು ಅದೊಂದಕ್ಕೇ. ನನ್ನ ತಂಗಿ ಚೌಕ ಅಂತಾಳೆ, ಲಂಬಕೋನ ಇರೋದು ಅದೊಂದ್ರಲ್ಲೇ ಅಂತೆ. ಯಾರು ಗೆದ್ರು?

ಉತ್ತರ: ಇಬ್ರೂ ಗೆದ್ದಿಲ್ಲ, ಆದ್ರೆ ತಂಗಿ ಸ್ವಲ್ಪ ಹತ್ರ ಬಂದಿದ್ದಾರೆ. ನಿಮ್ಮ ಕಾರಣ ನೋಡಿ, ಮೂರು ಬಾಹು ಇರೋದು ತ್ರಿಭುಜಕ್ಕೆ ಮಾತ್ರ, ಸರಿ, ಆದ್ರೆ ನಾಲ್ಕು ಬಾಹು ಇರೋದು ಚೌಕಕ್ಕೆ ಮಾತ್ರ, ಐದು ಇರೋದು ಪಂಚಭುಜಕ್ಕೆ ಮಾತ್ರ, ಹಂಗೆ ಐದೂ ಆಕೃತಿಗೆ ಅದೇ ಮಾತು ಹೇಳ್ಬಹುದು. ಎಲ್ರಿಗೂ ಹೊಂದೋ ಕಾರಣದಿಂದ ಒಬ್ಬರನ್ನ ಹೊರಗೆ ಹಾಕಕ್ಕಾಗಲ್ಲ. ತಂಗಿ ಹೇಳಿದ್ದು ನಿಜವಾಗ್ಲೂ ಚೌಕಕ್ಕೆ ಮಾತ್ರ ಸೇರಿದ್ದು, ಆದ್ರೆ ಅವರು ಚುಕ್ಕಿಗಳನ್ನ ಮುಟ್ಟೇ ಇಲ್ಲ. ಪಜಲ್ ಮಾಡೋನು ಕಷ್ಟಪಟ್ಟು ಇಪ್ಪತ್ತೊಂದು ಚುಕ್ಕಿ ಇಟ್ಟಿದ್ದಾನೆ ಅಂದ್ರೆ ಸುಮ್ನೆ ಇಟ್ಟಿರಲ್ಲ.

ನನ್ನ ಉತ್ತರ ಪಂಚಭುಜ. ಉಳಿದ ನಾಲ್ಕರಲ್ಲೂ ಚುಕ್ಕಿ ಅನ್ನೋದು ಬಾಹುಗಿಂತ ಒಂದು ಕಮ್ಮಿ: 3ಕ್ಕೆ 2, 4ಕ್ಕೆ 3, 6ಕ್ಕೆ 5, 7ಕ್ಕೆ 6. ಪಂಚಭುಜದಲ್ಲಿ 4 ಇರ್ಬೇಕಿತ್ತು, 5 ಇದೆ.

ಇಲ್ಲೊಂದು ಸೂಕ್ಷ್ಮ ಇದೆ, ಅದನ್ನ ಬಿಟ್ಟು ಮುಂದೆ ಹೋಗಕ್ಕೆ ಮನಸ್ಸಿಲ್ಲ. ಸುಮಾರು ಜನ ಪಂಚಭುಜ ಅಂತನೇ ಬರೆದಿದ್ದಾರೆ, ಆದ್ರೆ ಕಾರಣ ಬೇರೆ ಕೊಟ್ಟಿದ್ದಾರೆ, "ಬಾಹು ಎಷ್ಟೋ ಚುಕ್ಕಿನೂ ಅಷ್ಟೇ ಇರೋದು ಅದೊಂದ್ರಲ್ಲಿ ಮಾತ್ರ" ಅಂತ. ಉತ್ತರ ಸರಿ, ಮಾರ್ಕ್ಸ್ ಸಿಗುತ್ತೆ. ಆದ್ರೆ ಆ ಕಾರಣ ಒಂದರ ಬಗ್ಗೆ ಮಾತಾಡ್ತಿದೆ, ಉಳಿದ ನಾಲ್ಕು ಯಾಕೆ ಜೊತೆಗಿದಾವೆ ಅಂತ ಹೇಳ್ತಿಲ್ಲ. ಈ ಥರ ಪಜಲ್‌ನಲ್ಲಿ ನಾನು ಮತ್ತೆ ಮತ್ತೆ ಹೇಳೋದು ಒಂದೇ, ಬೇರೆ ಇರೋದನ್ನ ಹುಡುಕ್ತಾ ಕೂತ್ಕೋಬೇಡಿ, ಒಂದೇ ಥರ ಇರೋ ನಾಲ್ಕನ್ನ ಹುಡುಕಿ. ನಾಲ್ಕು ಕೈ ಕೈ ಹಿಡ್ಕೊಂಡ್ರೆ ಐದನೇದು ತಾನಾಗೇ ಹೊರಗೆ ನಿಲ್ಲುತ್ತೆ. ಒಂದನ್ನೇ ದಿಟ್ಟಿಸಿ ನೋಡಿದ್ರೆ ಯಾವ್ದೇ ಆಕೃತಿ ಆಗ್ಲಿ ಏನೋ ಒಂದು ವಿಶೇಷ ಕಂಡೇ ಕಾಣುತ್ತೆ.

ಈಗ ನನ್ನ ತಪ್ಪೊಪ್ಪಿಗೆ. ಒಬ್ಬ ಓದುಗರು ಸಪ್ತಭುಜ ಅಂತ ಬರೆದಿದ್ದಾರೆ, ಯಾಕಂದ್ರೆ 2, 3, 5, 5 ಇವೆಲ್ಲಾ ಅವಿಭಾಜ್ಯ ಸಂಖ್ಯೆ, 6 ಮಾತ್ರ ಅಲ್ಲ. ಓದಿ ಒಂದು ನಿಮಿಷ ಸುಮ್ನೆ ಕೂತಿದ್ದೆ. ಪಜಲ್ ಮಾಡ್ವಾಗ ಇದು ನನ್ನ ತಲೆಗೆ ಹೊಳೆದೇ ಇರ್ಲಿಲ್ಲ. ಅವರದ್ದೂ ನಾಲ್ಕನ್ನ ಸೇರಿಸೋ ಕಾರಣನೇ, ತಪ್ಪು ಅನ್ನೋ ಹಂಗಿಲ್ಲ. ನನ್ನ ಪಕ್ಷಕ್ಕೆ ಹೇಳ್ಕೋಬೇಕಂದ್ರೆ ಇಷ್ಟೇ, ಅವರ ಉತ್ತರದಲ್ಲಿ ಹೊರಗಿನ ಆಕೃತಿಗೆ ಕೆಲಸನೇ ಇಲ್ಲ, ಚುಕ್ಕಿಗಳನ್ನ ಐದು ಖಾಲಿ ಡಬ್ಬಿಲಿ ಇಟ್ಟಿದ್ರೂ ಅದೇ ಉತ್ತರ ಬರ್ತಿತ್ತು, ನಂದ್ರಲ್ಲಿ ಆಕೃತಿ ಚುಕ್ಕಿ ಎರಡೂ ಬೇಕು. ಆದ್ರೂ ಪಜಲ್ ಮಾಡಿದ್ದು ನಾನು, ಆ ಸಂದು ಮುಚ್ಚಬೇಕಾಗಿದ್ದೂ ನಾನೇ. ಷಡ್ಭುಜ ಅಂದೋರು "ಜೇನುಗೂಡಲ್ಲಿ ಇರೋದು ಅದೇ ತಾನೇ" ಅಂತ ಬರೆದಿದ್ದಾರೆ, ಅವರಿಗೆ ನನ್ನ ನಮಸ್ಕಾರ.

ಪ್ರಶ್ನೆ: ನಾನು ಕಾಂಪಿಟಿಟಿವ್ ಎಕ್ಸಾಮ್‌ಗೆ ಓದ್ತಿದೀನಿ. ರೀಸನಿಂಗ್ ಪೇಪರ್‌ನಲ್ಲಿ ಇಂಥ ಪ್ರಶ್ನೆ ಬಂದ್ರೆ ಒಂದೊಂದ್ರಲ್ಲೇ ಮೂರು ನಿಮಿಷ ಹೋಗ್ಬಿಡುತ್ತೆ. ಯಾವ ಆರ್ಡರ್‌ನಲ್ಲಿ ನೋಡ್ಬೇಕು?

ಉತ್ತರ: ಆರ್ಡರ್‌ಗಿಂತ ಮೊದ್ಲು ಒಂದು ಜರಡಿ ಇಟ್ಕೊಳ್ಳಿ. ಯಾವ್ದೇ ಒಂದು ಗುಣ ತಗೊಳ್ಳಿ, ಉದಾಹರಣೆಗೆ ಬಣ್ಣ ತುಂಬಿದ್ಯಾ ಇಲ್ವಾ ಅಂತ, ಅದು ಐದ್ರಲ್ಲಿ ಹೆಂಗೆ ಹಂಚಿದೆ ನೋಡಿ. ಐದ್ರಲ್ಲೂ ಒಂದೇ ಇದ್ರೆ ಬಿಸಾಕಿ. ಐದ್ರಲ್ಲೂ ಬೇರೆ ಬೇರೆ ಇದ್ರೂ ಬಿಸಾಕಿ. ಎರಡು-ಮೂರು ಅಂತ ಒಡೆದಿದ್ರೆ ಅದನ್ನೂ ಬಿಸಾಕಿ, ಅದು ನಿಮ್ಮ ದಾರಿ ತಪ್ಪಿಸಕ್ಕೆ ಹಾಕಿರೋದು. ನಾಲ್ಕು-ಒಂದು ಅಂತ ಒಡೆದ್ರೆ ಮಾತ್ರ ನಿಲ್ಲಿ. ಇದು ಒಂದು ಗುಣಕ್ಕೆ ಎರಡು ಸೆಕೆಂಡ್ ಕೆಲಸ, ಅಭ್ಯಾಸ ಆದ್ಮೇಲೆ ಅದೂ ಬೇಡ.

ಗುಣಗಳಲ್ಲಿ ಸುಲಭದ್ದು ಮೊದ್ಲು: ನೇರ ಗೆರೆನಾ ಬಾಗಿದ ಗೆರೆನಾ, ಮುಚ್ಚಿದ ಆಕೃತಿನಾ ಎಲ್ಲಾದ್ರೂ ಬಾಯಿ ತೆರೆದಿದ್ಯಾ, ಗೆರೆ ಎಷ್ಟು, ಒಳಗೆ ಎಷ್ಟು ಕೋಣೆ ಆಗಿದೆ, ಚಿಕ್ಕ ಆಕೃತಿ ದೊಡ್ಡದರ ಒಳಗಿದ್ಯಾ ಹೊರಗಿದ್ಯಾ ಅಂಟ್ಕೊಂಡಿದ್ಯಾ. ಇದ್ರಲ್ಲಿ ಸಿಗ್ಲಿಲ್ಲ ಅಂದ್ರೆ ಆಮೇಲೆ ಎರಡು ಗುಣಗಳ ನಡುವಿನ ಸಂಬಂಧ, ಅಂದ್ರೆ ನನ್ನ ಚುಕ್ಕಿ ಪಜಲ್ ಥರದ್ದು, ಅಥವಾ ಗಡಿಯಾರದ ಮುಳ್ಳಿನ ಥರ ಎರಡು ಗೆರೆ ಇದ್ದು ನಾಲ್ಕರಲ್ಲಿ ಅವುಗಳ ಮಧ್ಯೆ 90 ಡಿಗ್ರಿ, ಒಂದರಲ್ಲಿ 45 ಇರುತ್ತಲ್ಲ ಅಂಥದ್ದು. ಪ್ರತಿ ಗೆರೆನೂ ಬೇರೆ ಬೇರೆ ದಿಕ್ಕಿಗಿದ್ರೆ ದಿಕ್ಕು ಅನ್ನೋ ಗುಣ ಆಗ್ಲೇ ಜರಡಿಲಿ ಬಿದ್ದೋಯ್ತು, ಆದ್ರೆ ದಿಕ್ಕುಗಳ ನಡುವಿನ ಅಂತರ ಇನ್ನೂ ಬಾಕಿ ಇದೆ, ಜನ ಅಲ್ಲೇ ಎಡವೋದು. ತಿರುಗಿಸೋದು, ಕನ್ನಡೀಲಿ ನೋಡೋದು ಕೊನೆಗೆ, ಯಾಕಂದ್ರೆ ಅದಕ್ಕೆ ಟೈಮ್ ಜಾಸ್ತಿ ಹಿಡಿಯುತ್ತೆ. ಅದರ ಬಗ್ಗೆನೇ ಮುಂದಿನ ಪ್ರಶ್ನೆ ಇದೆ.

ಕೋಣೆ ಎಣಿಸೋದಕ್ಕೆ ಒಂದು ಚಿಕ್ಕ ಉಪಾಯ ಹೇಳಿ ಮುಂದೆ ಹೋಗ್ತೀನಿ. ಗಿಜಿಬಿಜಿ ಆಕೃತಿಲಿ ಒಳಗಿನ ಭಾಗ ಎಣಿಸ್ವಾಗ ಒಂದು ತಪ್ಪೋಗುತ್ತೆ ಅನ್ನೋ ಭಯ ಇದ್ರೆ, ಗೆರೆಗಳು ಸೇರೋ ಬಿಂದುಗಳನ್ನ ಎಣಿಸಿ, ಬಿಂದುವಿಂದ ಬಿಂದುವಿಗೆ ಹೋಗೋ ತುಂಡುಗಳನ್ನ ಎಣಿಸಿ, ತುಂಡಿನ ಲೆಕ್ಕದಲ್ಲಿ ಬಿಂದುವಿನ ಲೆಕ್ಕ ಕಳೆದು 1 ಕೂಡಿಸಿ, ಅಷ್ಟು ಕೋಣೆ ಇರುತ್ತೆ. ಒಂದೇ ಗೆರೇಲಿ ಎಳೆಯೋ ಐದು ಮೂಲೆ ನಕ್ಷತ್ರ ತಗೊಳ್ಳಿ, ಬಿಂದು 10, ತುಂಡು 15, ಕೋಣೆ 6. ಐದು ತುದಿ, ನಡುವೆ ಒಂದು ಪಂಚಭುಜ, ಸರಿಯಾಯ್ತಲ್ಲ. ಆಕೃತಿ ಪೂರ್ತಿ ಒಂದಕ್ಕೊಂದು ಸೇರ್ಕೊಂಡಿರ್ಬೇಕು, ಬಿಡಿ ಬಿಡಿ ಇದ್ರೆ ಈ ಲೆಕ್ಕ ನಡಿಯಲ್ಲ.

ಪ್ರಶ್ನೆ: ತಿರುಗಿಸಿದ ಆಕೃತಿ, ಕನ್ನಡಿ ಆಕೃತಿ ನಡುವೆ ನಂಗೆ ಯಾವಾಗ್ಲೂ ಕನ್‌ಫ್ಯೂಸ್. ಹಾಳೆ ತಿರುಗಿಸಿ ನೋಡಿದ್ರೆ ಗೊತ್ತಾಗುತ್ತೆ, ಕಂಪ್ಯೂಟರ್ ಸ್ಕ್ರೀನ್‌ನಲ್ಲಿ ಟೆಸ್ಟ್ ಬಂದ್ರೆ ಕುತ್ತಿಗೆ ತಿರುಗಿಸ್ಬೇಕಾ?

ಉತ್ತರ: ಕುತ್ತಿಗೆ ಬೇಡ, ಬೈಕ್ ಸಾಕು. ಎಲ್ ಆಕಾರ ತಗೊಳ್ಳಿ, ಒಂದು ಉದ್ದ ತೋಳು, ಒಂದು ಗಿಡ್ಡ ತೋಳು. ಉದ್ದ ತೋಳಿನ ತುದೀಲಿ ನೀವು ಬೈಕ್ ಹತ್ತಿದೀರ, ಮೂಲೆ ತನಕ ಬಂದ್ರಿ, ಈಗ ಗಿಡ್ಡ ತೋಳಿಗೆ ಹೋಗಕ್ಕೆ ಎಡಕ್ಕೆ ತಿರುಗಬೇಕಾ ಬಲಕ್ಕಾ? ಸಾಮಾನ್ಯವಾಗಿ ಬರೆಯೋ ಎಲ್‌ನಲ್ಲಿ ಮೇಲಿಂದ ಕೆಳಗೆ ಬರ್ತೀರ, ಆಗ ಹಾಳೆಯ ಬಲಗಡೆ ಅನ್ನೋದು ನಿಮ್ಮ ಎಡಗೈ ಕಡೆ ಇರುತ್ತೆ, ಸೋ ಎಡಕ್ಕೆ ತಿರುಗ್ತೀರ. ಈ ಎಲ್‌ನ 90 ತಿರುಗಿಸಿ, 180 ತಿರುಗಿಸಿ, 37 ಡಿಗ್ರಿ ತಿರುಗಿಸಿ, ಬೈಕ್ ಎಡಕ್ಕೇ ಹೋಗುತ್ತೆ. ಕನ್ನಡೀಲಿ ಹಿಡಿದ್ರೆ ಮಾತ್ರ ಬಲಕ್ಕೆ ಹೋಗುತ್ತೆ. ಐದು ಆಕೃತಿಗೂ ಎಡ ಅಂದ್ರೆ ಎ, ಬಲ ಅಂದ್ರೆ ಬ ಅಂತ ಪಕ್ಕದಲ್ಲಿ ಗುರುತು ಹಾಕ್ಕೊಂಡು ಹೋಗಿ, ನಾಲ್ಕು ಎ ಒಂದು ಬ ಬಂದ್ರೆ ಮುಗೀತು.

ಆಕೃತಿ ಎಲ್ ಥರ ಇಲ್ದೆ ಒಂದು ಬಾಣ, ಅದರ ಪಕ್ಕ ಒಂದು ಕಪ್ಪು ಚುಕ್ಕಿ ಇದ್ರೆ, ಬಾಣದ ಬಾಲದಿಂದ ಮೊನೆ ಕಡೆ ಹೋಗಿ, ಚುಕ್ಕಿ ಯಾವ ಕೈ ಕಡೆ ಬಂತು ನೋಡಿ. ವೃತ್ತದೊಳಗೆ ಮೂರು ಗುರುತು ಇದ್ರೆ, ಅಂದ್ರೆ ಒಂದು ಚುಕ್ಕಿ ಒಂದು ಗೆರೆ ಒಂದು ಇಂಟು ಮಾರ್ಕ್, ಚುಕ್ಕಿಯಿಂದ ಗೆರೆಗೆ, ಗೆರೆಯಿಂದ ಇಂಟುವಿಗೆ ಗಡಿಯಾರದ ದಿಕ್ಕಲ್ಲಿ ಹೋಗ್ತಿದೀವಾ ಉಲ್ಟಾನಾ ಅಂತ ನೋಡಿ. ಎಲ್ಲಾ ಕಡೆ ಐಡಿಯಾ ಒಂದೇ, ಆಕೃತೀನ ತಲೆಯೊಳಗೆ ತಿರುಗಿಸ್ಬೇಡಿ, ನೀವೇ ಅದರ ಮೇಲೆ ನಡೀರಿ.

ಇದು ಯಾಕೆ ಬೇಗ ಆಗುತ್ತೆ ಅಂತ ಕೇಳಿದ್ರೆ ಒಂದು ಹಳೇ ಪ್ರಯೋಗ ಇದೆ. 1971ರಲ್ಲಿ ರೋಜರ್ ಶೆಪರ್ಡ್, ಜಾಕ್ವೆಲಿನ್ ಮೆಟ್ಸ್ಲರ್ ಅನ್ನೋ ಮನೋವಿಜ್ಞಾನಿಗಳು ಡಬ್ಬಿ ಡಬ್ಬಿ ಅಂಟಿಸಿದಂಥ ಆಕೃತಿಗಳ ಜೋಡಿ ತೋರಿಸಿ, ಇವೆರಡೂ ಒಂದೇನಾ ಕನ್ನಡಿ ರೂಪನಾ ಅಂತ ಕೇಳಿದ್ರು. ಎರಡೂ ಒಂದೇ ಆಗಿದ್ದಾಗ, ಒಂದನ್ನ ಎಷ್ಟು ಡಿಗ್ರಿ ತಿರುಗಿಸಿದ್ರೋ ಅದಕ್ಕೆ ಸರಿಯಾಗಿ ಉತ್ತರ ಹೇಳೋ ಟೈಮೂ ಏರ್ತಾ ಹೋಯ್ತು, ತಿರುಗಿಸದೇ ಇದ್ದಾಗ ಸುಮಾರು 1 ಸೆಕೆಂಡ್, 180 ಡಿಗ್ರಿಗೆ 4 ಸೆಕೆಂಡ್‌ಗಿಂತ ಜಾಸ್ತಿ. ಅಂದ್ರೆ ತಲೆಯೊಳಗೂ ಆಕೃತಿ ನಿಧಾನಕ್ಕೆ ನಿಜವಾಗ್ಲೂ ತಿರುಗಿದ ಹಾಗೆನೇ ಆಗುತ್ತೆ. ಐದು ಆಕೃತೀನ ಒಂದಕ್ಕೊಂದು ಹೋಲಿಸ್ತಾ ತಿರುಗಿಸ್ತಾ ಕೂತ್ರೆ ಲೆಕ್ಕ ಹಾಕ್ಕೊಳ್ಳಿ. ಎಡ-ಬಲ ಗುರುತು ಹಾಕೋದಾದ್ರೆ ಒಂದೊಂದಕ್ಕೆ ಒಂದೇ ಸಲ ಪ್ರಶ್ನೆ, ಹೋಲಿಸೋದೇ ಇಲ್ಲ.

ಟೆಟ್ರಿಸ್ ಆಡಿದೋರಿಗೆ ಇದು ಆಗ್ಲೇ ಬೆರಳಲ್ಲಿ ಗೊತ್ತಿರುತ್ತೆ. ಅದ್ರಲ್ಲಿ ಬೀಳೋ ತುಂಡು ಏಳು ಥರ, ತುಂಡನ್ನ ತಿರುಗಿಸ್ಬಹುದು, ಮಗುಚಿ ಹಾಕಕ್ಕಾಗಲ್ಲ. ಮಗುಚಬಹುದು ಅಂತ ಬಿಟ್ಟಿದ್ರೆ ಐದೇ ಥರ ಸಾಕಾಗ್ತಿತ್ತು, ಎಲ್ ಮತ್ತೆ ಅದರ ಕನ್ನಡಿ ಜೇ ಒಂದೇ ಆಗ್ತಿತ್ತು, ಎಸ್ ಮತ್ತೆ ಝಡ್ ಒಂದೇ ಆಗ್ತಿತ್ತು. ಝಡ್ ಬೇಕು ಅಂತ ಕಾಯ್ತಾ ಇದ್ದಾಗ ಎಸ್ ಬಿದ್ರೆ ಎಷ್ಟು ತಿರುಗಿಸಿದ್ರೂ ಕೂರಲ್ಲ, ಆ ಸಿಟ್ಟೇ ತಿರುಗಿಸೋದಕ್ಕೂ ಮಗುಚೋದಕ್ಕೂ ಇರೋ ವ್ಯತ್ಯಾಸ. ಇಂಗ್ಲಿಷಿನ ಸಣ್ಣ ಅಕ್ಷರದಲ್ಲೂ ಇದೇ ಕಥೆ, ಬಿ ತಲೆಕೆಳಗೆ ಮಾಡಿದ್ರೆ ಕ್ಯೂ ಆಗುತ್ತೆ, ಡಿ ತಲೆಕೆಳಗೆ ಮಾಡಿದ್ರೆ ಪಿ ಆಗುತ್ತೆ, ಆದ್ರೆ ಬಿ ಅನ್ನೋದನ್ನ ಎಷ್ಟೇ ತಿರುಗಿಸಿ ಡಿ ಆಗಲ್ಲ.

ಒಂದು ಎಚ್ಚರ. ಆಕೃತಿಗೆ ತಾನೇ ಒಂದು ಸಮಮಿತಿ ರೇಖೆ ಇದ್ರೆ, ಅಂದ್ರೆ ಮಧ್ಯಕ್ಕೆ ಮಡಚಿದ್ರೆ ಎರಡು ಭಾಗ ಒಂದರ ಮೇಲೊಂದು ಸರಿಯಾಗಿ ಕೂತ್ರೆ, ಅದಕ್ಕೆ ಕನ್ನಡಿ ರೂಪ ಅಂತ ಬೇರೆ ಇರಲ್ಲ. ಚುಕ್ಕಿ ಗೆರೆ ಏನೂ ಇಲ್ದಿರೋ ಬರೀ ಸಮದ್ವಿಬಾಹು ತ್ರಿಭುಜ ಐದು ಕೊಟ್ಟಿದ್ರೆ ಎಡ-ಬಲ ಹುಡುಕಿ ಸುಸ್ತಾಗ್ಬೇಡಿ.

ಪ್ರಶ್ನೆ: ಮಗನ ಹೋಂವರ್ಕ್‌ನಲ್ಲಿ ಚೌಕ, ಆಯತ, ವಜ್ರಾಕೃತಿ, ಸಮಾಂತರ ಚತುರ್ಭುಜ, ನಾಲ್ಕರಲ್ಲಿ ಬೇರೆ ಯಾವ್ದು ಅಂತ ಇತ್ತು. ಅವನು ಚೌಕ ಅಂತ ಬರೆದ, ಟೀಚರ್ ತಪ್ಪು ಹಾಕಿ ಸಮಾಂತರ ಚತುರ್ಭುಜ ಅಂತ ತಿದ್ದಿದ್ದಾರೆ. ನಂಗೆ ನೋಡಿದ್ರೆ ಎರಡೂ ಸರಿ ಅನ್ಸುತ್ತೆ, ಮಗ ಅಳ್ತಾ ಕೂತಿದ್ದಾನೆ.

ಉತ್ತರ: ಮೊದ್ಲು ಮಗನಿಗೆ ಹೇಳಿ, ಅವನು ಬರೆದಿದ್ದಕ್ಕೆ ಗಟ್ಟಿ ಕಾರಣ ಇದೆ. ಬಾಹುಗಳೂ ಸಮ, ಕೋನಗಳೂ ಸಮ, ಎರಡೂ ಒಟ್ಟಿಗೆ ಇರೋದು ಚೌಕಕ್ಕೆ ಮಾತ್ರ.

ಈ ಪ್ರಶ್ನೆ ನನಗೆ ತುಂಬಾ ಇಷ್ಟ ಆಯ್ತು, ಯಾಕಂದ್ರೆ ಜರಡಿಗೆ ಹಾಕಿ ನೋಡಿದ್ರೆ ಏನೋ ಚೆಂದ ಕಾಣುತ್ತೆ. ನಾಲ್ಕೂ ಬಾಹು ಸಮ ಇರೋದು ಯಾವುದಕ್ಕೆ? ಚೌಕ, ವಜ್ರಾಕೃತಿ. ಎರಡು-ಎರಡು ಒಡೀತು. ನಾಲ್ಕೂ ಕೋನ ಸಮ? ಚೌಕ, ಆಯತ. ಮತ್ತೆ ಎರಡು-ಎರಡು. ಕರ್ಣಗಳ ಉದ್ದ ಸಮನಾ ಅಂದ್ರೆ ಚೌಕ, ಆಯತ. ಕರ್ಣಗಳು ಲಂಬವಾಗಿ ಕತ್ತರಿಸ್ತಾವಾ ಅಂದ್ರೆ ಚೌಕ, ವಜ್ರಾಕೃತಿ. ನಾಲ್ಕೂ ಮೂಲೆ ಮುಟ್ಟೋ ಹಾಗೆ ಸುತ್ತ ಒಂದು ವೃತ್ತ ಎಳೀಬಹುದಾ, ಚೌಕ, ಆಯತ. ನಾಲ್ಕೂ ಬಾಹು ಮುಟ್ಟೋ ಹಾಗೆ ಒಳಗೊಂದು ವೃತ್ತ ಕೂರುತ್ತಾ, ಚೌಕ, ವಜ್ರಾಕೃತಿ. ಪ್ರತಿ ಸಲ ಎರಡು-ಎರಡೇ. ಪ್ರತಿ ಸಲ ಚೌಕ ಗೆಲ್ಲೋ ಕಡೆ, ಸಮಾಂತರ ಚತುರ್ಭುಜ ಸೋಲೋ ಕಡೆ. ಎಲ್ಲಾ ಗುಣ ಇರೋ ಒಬ್ಬ, ಯಾವ್ದೂ ಇಲ್ದಿರೋ ಒಬ್ಬ, ಮಧ್ಯೆ ಅರ್ಧ ಅರ್ಧ ಹಂಚ್ಕೊಂಡ ಇಬ್ರು. ಅದಕ್ಕೇ ನಿಮಗೆ ಎರಡೂ ಸರಿ ಅನ್ಸಿದ್ದು, ನಿಮ್ಮ ಕಣ್ಣು ತಪ್ಪಿಲ್ಲ.

ಆದ್ರೆ ಸಮಮಿತಿ ರೇಖೆ ಎಣಿಸಿದ್ರೆ ಚೌಕಕ್ಕೆ 4, ಆಯತಕ್ಕೆ 2, ವಜ್ರಾಕೃತಿಗೆ 2, ಸಮಾಂತರ ಚತುರ್ಭುಜಕ್ಕೆ ಸೊನ್ನೆ. ಈ ಕೊನೇದನ್ನ ತುಂಬಾ ಜನ ಕರ್ಣದ ಮೇಲೆ ಮಡಚಿದ್ರೆ ಕೂರುತ್ತೆ ಅಂತ ಅಂದ್ಕೊಂಡಿರ್ತಾರೆ, ಕೂರಲ್ಲ, ಒಂದು ಹಾಳೆ ಕತ್ತರಿಸಿ ಮಡಚಿ ನೋಡಿ. ಅದನ್ನ 180 ಡಿಗ್ರಿ ತಿರುಗಿಸಿದ್ರೆ ಮಾತ್ರ ಮೊದಲಿನ ಹಾಗೇ ಕಾಣುತ್ತೆ, ಮಡಚಿದ್ರೆ ಇಲ್ಲ. ಸೋ "ಮಡಚಬಹುದಾದ ಮೂರು, ಮಡಚಕ್ಕಾಗದ ಒಂದು" ಅನ್ನೋದು ಟೀಚರ್ ಕಾರಣ ಇರ್ಬಹುದು.

ಎರಡು ಕಾರಣದಲ್ಲಿ ಯಾವ್ದು ಮೇಲು ಅಂತ ನನ್ನನ್ನ ಕೇಳಿದ್ರೆ ನಾನು ಟೀಚರ್ ಕಡೆ. ಅವರದ್ರಲ್ಲಿ ಉಳಿದ ಮೂರಕ್ಕೂ ಒಂದು ಗುಣ ಇದೆ. ಮಗನ ಕಾರಣದಲ್ಲಿ ಉಳಿದ ಮೂರು ಒಂದು ಗುಣ ಇಲ್ಲದೇ ಇರೋದರಿಂದ ಗುಂಪಾಗಿವೆ, ಅದು ಅಷ್ಟು ಗಟ್ಟಿ ಗುಂಪಲ್ಲ. ಲಾಟರಿ ಹೊಡೀದಿರೋರೆಲ್ಲಾ ಸೇರಿ ಒಂದು ಸಂಘ ಕಟ್ಟಿದ ಹಾಗೆ. ಆದ್ರೆ ಇದು ನನ್ನ ಅಭಿರುಚಿ, ಕಾರಣ ಬರೆಯಕ್ಕೆ ಜಾಗ ಕೊಡದೇ ಬರೀ ಉತ್ತರ ನೋಡಿ ತಪ್ಪು ಹಾಕೋದು ನನಗೂ ಸರಿ ಅನ್ಸಲ್ಲ. ಮಗ ಕಾರಣ ಒಂದು ಸಾಲಲ್ಲಿ ಬರೆದು ಟೀಚರ್‌ಗೆ ತೋರಿಸ್ಲಿ.

ಪ್ರಶ್ನೆ: ತ್ರಿಭುಜ, ಚೌಕ, ಪಂಚಭುಜ, ಷಡ್ಭುಜ. ಎಲ್ಲಾದ್ರಲ್ಲೂ ಬಾಹು ಸಮ, ಕೋನ ಸಮ, ಒಳಗೆ ಏನೂ ಇಲ್ಲ. ಉತ್ತರ ಪಂಚಭುಜ ಅಂತ ಇದೆ. ಹೆಂಗೆ?

ಉತ್ತರ: ಟೈಲ್ಸ್ ಹಾಕಿ ನೋಡಿ. ಕೋನಗಳು 60, 90, 108, 120. ಒಂದು ಬಿಂದುವಿನ ಸುತ್ತ 360 ತುಂಬ್ಬೇಕು. 60 ಆರು ಸಲ, 90 ನಾಲ್ಕು ಸಲ, 120 ಮೂರು ಸಲ ಕೂರುತ್ತೆ, 108 ಮಾತ್ರ ಮೂರು ಹಾಕಿದ್ರೆ ಸಂದು ಉಳಿಯುತ್ತೆ, ನಾಲ್ಕನೇದು ಹಿಡಿಯಲ್ಲ. ಬರೀ ಆಕೃತಿ ನೋಡಿ ಇದನ್ನ ಕಂಡುಹಿಡೀಬೇಕು ಅನ್ನೋದು ಸ್ವಲ್ಪ ಜಾಸ್ತಿನೇ ಆಯ್ತು ಅಂತ ನನ್ನ ಅನಿಸಿಕೆ.

ಪ್ರಶ್ನೆ: ಅಂಕಲ್, ನಾನು ಎಂಟನೇ ಕ್ಲಾಸ್. ಒಂದು ಪಜಲ್‌ನಲ್ಲಿ ಐದು ಮೂಲೆ ನಕ್ಷತ್ರ, ಒಂದರ ಮೇಲೊಂದು ಬಂದಿರೋ ಎರಡು ವೃತ್ತ, ಒಂದು ಕರ್ಣ ಎಳೆದ ಚೌಕ, ಎರಡೂ ಕರ್ಣ ಎಳೆದ ಚೌಕ, ಎರಡೂ ಕರ್ಣ ಎಳೆದು ಮೇಲೆ ತ್ರಿಕೋನ ಚಾವಣಿ ಹಾಕಿದ ಮನೆ ಇದೆ. ವೃತ್ತ ಅಂತ ಹೇಳಿದೆ, ಬಾಗಿದ ಗೆರೆ ಅದೊಂದೇ ಅಲ್ವಾ. ಉತ್ತರ ಎರಡು ಕರ್ಣದ ಚೌಕ ಅಂತಿದೆ. ಯಾಕೆ?

ಉತ್ತರ: ಪುಟ್ಟಿ, ಬಾಗಿದ ಗೆರೆ ಅನ್ನೋದೂ ನಾಲ್ಕು-ಒಂದು ಒಡೆಯುತ್ತೆ, ಹಂಗಾಗಿ ನೀನು ಹೇಳಿದ್ದು ಪೂರ್ತಿ ತಪ್ಪಲ್ಲ. ಆದ್ರೆ ಈಗ ಪೆನ್ಸಿಲ್ ತಗೊಂಡು ಒಂದೊಂದನ್ನೂ ಪೆನ್ಸಿಲ್ ಎತ್ತದೇ, ಎಳೆದ ಗೆರೆ ಮೇಲೆ ಮತ್ತೆ ಎಳೀದೇ ಬಿಡಿಸು ನೋಡೋಣ. ನಕ್ಷತ್ರ ಬರುತ್ತೆ. ಎರಡು ವೃತ್ತ ಬರುತ್ತೆ, ಒಂದರಲ್ಲಿ ಹೊರಟು ಸೇರೋ ಜಾಗದಲ್ಲಿ ಇನ್ನೊಂದಕ್ಕೆ ಹತ್ತಿ ಸುತ್ತಾಡಿ ಬಾ. ಒಂದು ಕರ್ಣದ ಚೌಕ ಬರುತ್ತೆ. ಮನೆ ಕೂಡ ಬರುತ್ತೆ, ಕೆಳಗಿನ ಮೂಲೆಯಿಂದ ಶುರು ಮಾಡ್ಬೇಕು ಅಷ್ಟೇ. ಎರಡು ಕರ್ಣದ ಚೌಕ ಮಾತ್ರ ಏನ್ ಮಾಡಿದ್ರೂ ಬರಲ್ಲ, ಕೊನೆಗೆ ಒಂದು ಗೆರೆ ಉಳ್ದೇ ಉಳಿಯುತ್ತೆ.

ಬಿಡಿಸಿ ನೋಡದೇನೇ ಹೇಳೋದು ಹೆಂಗೆ ಅಂದ್ರೆ, ಪ್ರತಿ ಬಿಂದುವಿಗೆ ಎಷ್ಟು ಗೆರೆ ಬಂದು ಸೇರುತ್ತೆ ಎಣಿಸು. ಒಂದು ಬಿಂದುವಿಗೆ ಬಂದ್ರೆ ಅಲ್ಲಿಂದ ಹೊರಗೂ ಹೋಗ್ಬೇಕಲ್ಲ, ಬರೋಕೊಂದು ಹೋಗೋಕೊಂದು, ಅಂದ್ರೆ ಗೆರೆಗಳು ಜೋಡಿ ಜೋಡಿ ಬೇಕು. ಗೆರೆ ಬೆಸ ಸಂಖ್ಯೇಲಿ ಇದ್ರೆ ಅಲ್ಲಿ ಶುರು ಮಾಡ್ಬೇಕು ಇಲ್ಲಾ ಅಲ್ಲಿ ಮುಗಿಸ್ಬೇಕು, ಬೇರೆ ದಾರಿ ಇಲ್ಲ. ಶುರು ಒಂದೇ ಜಾಗ, ಮುಗಿಯೋದು ಒಂದೇ ಜಾಗ, ಹಂಗಾಗಿ ಬೆಸ ಬಿಂದು ಎರಡಕ್ಕಿಂತ ಜಾಸ್ತಿ ಇದ್ರೆ ಕಥೆ ಮುಗೀತು. ಎರಡು ಕರ್ಣದ ಚೌಕದಲ್ಲಿ ನಾಲ್ಕೂ ಮೂಲೇಲಿ ಮೂರು ಮೂರು ಗೆರೆ, ನಾಲ್ಕು ಬೆಸ ಬಿಂದು. ಮನೇಲಿ ಚಾವಣಿ ಬಂದು ಮೇಲಿನ ಎರಡು ಮೂಲೆಗೆ ಒಂದೊಂದು ಗೆರೆ ಸೇರಿ ನಾಲ್ಕಾಯ್ತು, ಕೆಳಗಿನ ಎರಡು ಮಾತ್ರ ಬೆಸ ಉಳೀತು, ಅದಕ್ಕೇ ಕೆಳಗಿಂದ ಶುರು ಮಾಡು ಅಂದಿದ್ದು. ಚಾವಣಿ ಹಾಕಿದ್ರೆ ಕಷ್ಟ ಜಾಸ್ತಿ ಆಗ್ಬೇಕು ಅನ್ಸುತ್ತೆ, ಆದ್ರೆ ಅದೇ ಬಂದು ಕಾಪಾಡಿದೆ, ತಮಾಷೆ ಅಲ್ವಾ.

ಈ ಎಣಿಕೆ ಶುರುವಾಗಿದ್ದು ಸೇತುವೆಯಿಂದ. ಕೋನಿಗ್ಸ್‌ಬರ್ಗ್ ಅನ್ನೋ ಊರಲ್ಲಿ ನದಿಗೆ 7 ಸೇತುವೆ ಇತ್ತು, ಎಲ್ಲಾ ಸೇತುವೇನೂ ಒಂದೊಂದೇ ಸಲ ದಾಟಿ ಸುತ್ತಾಡಕ್ಕಾಗುತ್ತಾ ಅನ್ನೋದು ಅಲ್ಲಿನೋರ ಪ್ರಶ್ನೆ. ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1736ರಲ್ಲಿ ಆಗಲ್ಲ ಅಂತ ತೋರಿಸಿದ್ರು, ಕಾರಣ ಇದೇ, ನದಿ ಬೇರೆ ಮಾಡಿದ ನೆಲದ ತುಂಡು ನಾಲ್ಕು, ನಾಲ್ಕಕ್ಕೂ ಬೆಸ ಸಂಖ್ಯೆ ಸೇತುವೆ. ನಿನ್ನ ಚೌಕ ಆ ಊರಿನ ತಮ್ಮ ಅಂದ್ಕೋ.

ಪ್ರಶ್ನೆ: ನನಗೆ ಇಂಥ ಪಜಲ್ ಒಂದೂ ಬರಲ್ಲ. ಐಕ್ಯೂ ಟೆಸ್ಟ್‌ನಲ್ಲಿ ಇದನ್ನೇ ಕೇಳ್ತಾರಂತೆ. ನಾನು ದಡ್ಡಿನಾ?

ಉತ್ತರ: ಅಲ್ಲಮ್ಮ. ಐಕ್ಯೂ ಟೆಸ್ಟ್‌ನೋರು ಆಕೃತಿ ಹಿಡ್ಕೊಂಡಿದ್ದು ಭಾಷೆ ಅಡ್ಡ ಬರ್ಬಾರ್ದು ಅಂತ. ಜಾನ್ ರೇವನ್ 1938ರಲ್ಲಿ ಪ್ರಕಟಿಸಿದ ಟೆಸ್ಟ್‌ನಲ್ಲಿ 60 ಪ್ರಶ್ನೆ, ಎಲ್ಲಾ ಆಕೃತಿನೇ, ಅದು ಬಿಟ್ಟ ಜಾಗ ತುಂಬೋ ಥರದ್ದು. ರೇಮಂಡ್ ಕ್ಯಾಟೆಲ್ ಮಾಡಿದ ಟೆಸ್ಟ್‌ನಲ್ಲಿ ಗುಂಪಿಗೆ ಸೇರದ್ದನ್ನ ಹುಡುಕೋ ಭಾಗನೇ ಒಂದಿದೆ. ಆದ್ರೆ ಇವೆಲ್ಲಾ ಅಭ್ಯಾಸ ಇದ್ದೋರಿಗೂ ಇಲ್ದೋರಿಗೂ ಒಂದೇ ಅಲ್ಲ, ಸಮಮಿತಿ ನೋಡು, ಕೋಣೆ ಎಣಿಸು ಅಂತ ಯಾರಾದ್ರೂ ಒಂದ್ಸಲ ಹೇಳ್ಕೊಟ್ಟಿದ್ರೆ ಅವರ ಕಣ್ಣು ಅಲ್ಲಿಗೇ ಹೋಗುತ್ತೆ. ನಿಮಗೆ ಯಾರೂ ಹೇಳ್ಕೊಟ್ಟಿಲ್ಲ ಅಷ್ಟೇ.

ಇದರ ಬುಡ ಎಷ್ಟು ಆಳಕ್ಕಿದೆ ಅಂದ್ರೆ, 2006ರಲ್ಲಿ ಸ್ಟಾನಿಸ್ಲಾಸ್ ಡಿಹೇನ್ ಅನ್ನೋ ವಿಜ್ಞಾನಿ ಮತ್ತೆ ಜೊತೆಗಾರರು ಅಮೆಜಾನ್ ಕಾಡಿನ ಮುಂಡುರುಕು ಜನರಿಗೆ ಆರಾರು ಚಿತ್ರ ತೋರಿಸಿ ಬೇರೆ ಇರೋದು ಯಾವ್ದು ಅಂತ ಕೇಳಿದ್ರು. ಸ್ಕೂಲು, ಸ್ಕೇಲು, ನಕ್ಷೆ ಇವೆಲ್ಲದರ ಪರಿಚಯ ಅವರಿಗೆ ಇಲ್ಲವೇ ಇಲ್ಲ ಅನ್ನೋ ಅಷ್ಟು ಕಮ್ಮಿ. ಕಣ್ಮುಚ್ಚಿ ಬೆರಳಿಟ್ರೆ ಆರಕ್ಕೆ ಒಂದು ಸರಿ ಆಗ್ಬೇಕು, ಅವರು ಸರಾಸರಿ ಮೂರಕ್ಕೆ ಎರಡು ಸರಿ ಹೇಳಿದ್ರು. 2021ರಲ್ಲಿ ಇದೇ ಥರ ಚತುರ್ಭುಜಗಳನ್ನ ಮನುಷ್ಯರಿಗೂ ಬಬೂನ್ ಕೋತಿಗಳಿಗೂ ಕೊಟ್ಟು ನೋಡಿದ್ರು. ಮನುಷ್ಯರಿಗೆ, ಚಿಕ್ಕ ಮಕ್ಕಳಾಗ್ಲಿ ಸ್ಕೂಲಿಗೆ ಹೋಗದೋರಾಗ್ಲಿ, ಆಕೃತಿ ಚೌಕದಷ್ಟು ಅಚ್ಚುಕಟ್ಟಾಗಿದ್ರೆ ಬೇರೆ ಇರೋದನ್ನ ಹಿಡಿಯೋದು ಸುಲಭ, ಸೊಟ್ಟಗಿದ್ರೆ ಕಷ್ಟ. ಬಬೂನ್‌ಗಳು ಆಟ ಕಲಿತ್ವು, ಆದ್ರೆ ಅವಕ್ಕೆ ಚೌಕನೂ ಒಂದೇ ಸೊಟ್ಟ ಚತುರ್ಭುಜನೂ ಒಂದೇ. ಈಚೆಗೆ ಕಾಗೆಗಳಿಗೆ ಕೊಟ್ಟು ನೋಡಿದ್ರೆ ಅವು ಬೇರೆ ಇರೋ ಆಕೃತಿಗೆ ಕೊಕ್ಕಿಂದ ಕುಕ್ಕಿ ತೋರಿಸಿದ್ವು, ಅವಕ್ಕೂ ಅಚ್ಚುಕಟ್ಟಾದ್ರಲ್ಲೇ ಸುಲಭ. ಕಾಗೆ ಬುದ್ಧಿ ಅಂತ ಯಾರಾದ್ರೂ ಬೈದ್ರೆ ಇನ್ಮೇಲೆ ಥ್ಯಾಂಕ್ಸ್ ಹೇಳಿ.

ಪ್ರಶ್ನೆ: ಪ್ರತಿ ಪಜಲ್‌ಗೂ ಏನಾದ್ರೂ ಕಾರಣ ಕೊಟ್ಟು ಯಾವ್ದು ಬೇಕಾದ್ರೂ ಬೇರೆ ಅಂತ ಹೇಳ್ಬಹುದಾದ್ರೆ, ಇದೆಲ್ಲಾ ಮೋಸ ಅಲ್ವಾ ಸ್ವಾಮಿ?

ಉತ್ತರ: ಅರ್ಧ ಮೋಸ ಹೌದು. ರಷ್ಯಾದ ಮಿಖಾಯಿಲ್ ಬೊಂಗಾರ್ಡ್ ಅನ್ನೋರು ಕಂಪ್ಯೂಟರ್‌ಗೆ ಆಕೃತಿ ಗುರುತಿಸೋದು ಕಲಿಸಕ್ಕೆ ಅಂತ 1967ರಲ್ಲಿ 100 ಪಜಲ್ ಪ್ರಕಟಿಸಿದ್ರು, ಅದ್ರಲ್ಲಿ ಈ ತೊಂದರೆ ತುಂಬಾ ಕಮ್ಮಿ. ಎಡಗಡೆ ಆರು ಚಿತ್ರ, ಬಲಗಡೆ ಆರು ಚಿತ್ರ, ಎಡಗಡೆಯೋರಿಗೆಲ್ಲಾ ಇದ್ದು ಬಲಗಡೆಯೋರಿಗೆ ಯಾರಿಗೂ ಇಲ್ದಿರೋದು ಏನು ಅಂತ ಮಾತಲ್ಲಿ ಹೇಳ್ಬೇಕು. ಯಾವ್ದು ಅಂತ ಟಿಕ್ ಹಾಕಿ ತಪ್ಪಿಸ್ಕೊಳ್ಳೋ ಹಾಗೇ ಇಲ್ಲ, ಕಾರಣನೇ ಉತ್ತರ. ಈ ಅಂಕಣಕ್ಕೂ ಇನ್ಮೇಲೆ ಬರೀ ಆಕೃತಿ ಹೆಸರು ಕಳಿಸ್ಬೇಡಿ, ಉಳಿದವು ಯಾಕೆ ಒಂದು ಗುಂಪು ಅಂತ ಒಂದು ಸಾಲು ಬರೀರಿ.

ಉಳಿದರ್ಧ ಮೋಸನೂ ಪಜಲ್ ಒಳಗೇ ತರಬಹುದು. ಗಣಿತಜ್ಞೆ ತಾನ್ಯಾ ಖೊವಾನೊವಾ ಅಂಥದ್ದೊಂದು ಮಾಡಿದ್ರು, ಅದೇ ಧಾಟೀಲಿ ನಾನೂ ಒಂದು ಗೀಚಿದೀನಿ ನೋಡಿ. ಒಂದು ಚಿಕ್ಕ ಕಪ್ಪು ಚೌಕ, ಒಂದು ಚಿಕ್ಕ ಬಿಳಿ ಚೌಕ, ಒಂದು ಚಿಕ್ಕ ಕಪ್ಪು ವೃತ್ತ, ಒಂದು ದೊಡ್ಡ ಕಪ್ಪು ಚೌಕ. ಬಣ್ಣದಲ್ಲಿ ಬಿಳಿಯದು ಬೇರೆ, ಆಕಾರದಲ್ಲಿ ವೃತ್ತ ಬೇರೆ, ಗಾತ್ರದಲ್ಲಿ ದೊಡ್ಡದು ಬೇರೆ. ಮೂರಕ್ಕೂ ಒಂದೊಂದು ವಿಶೇಷ ಇದೆ, ಮೊದಲನೇ ಚಿಕ್ಕ ಕಪ್ಪು ಚೌಕಕ್ಕೆ ಮಾತ್ರ ಏನೂ ಇಲ್ಲ. ಹಂಗಾಗಿ ಬೇರೆ ಇರೋದು ಅದೇ. ಆದ್ರೆ ಈಗ ಅದಕ್ಕೂ ಒಂದು ವಿಶೇಷ ಸಿಕ್ತಲ್ಲ, ಯಾವ ವಿಶೇಷನೂ ಇಲ್ದಿರೋದು ಅನ್ನೋ ವಿಶೇಷ, ಅಂದ್ಮೇಲೆ ಅದು ಹೆಂಗೆ ಬೇರೆ ಅಂತ ನನ್ನನ್ನ ಕೇಳ್ಬೇಡಿ, ನಿನ್ನೆ ರಾತ್ರಿಯಿಂದ ನಾನೂ ಅದನ್ನೇ ಯೋಚ್ನೆ ಮಾಡ್ತಿದೀನಿ.